ಮಟ್ಟು ಒಬ್ಬರದು, ಕೊರಳು ಹಲವರದು



ಹೋದ ತಿಂಗಳ ಕೊನೆಯ ಭಾನುವಾರ ನಮ್ಮ ವಾಚನಾಲಯದಲ್ಲಿ ಒಂದು ಸಣ್ಣ ಚಕಮಕಿ ನಡೆಯಿತು. ಅಂದು ಅಲ್ಲಿದ್ದವರಿಗೆ ಅದು ಗೊತ್ತೇ ಇದೆ, ಇಲ್ಲದವರಿಗಾಗಿ ಹೇಳುತ್ತೇನೆ. ಪತ್ರಿಕೆಗಳ ಮೇಜಿನ ಮೂಲೆಯಲ್ಲಿ ಕುಳಿತಿದ್ದ ಯುವಕನೊಬ್ಬನ ಮೊಬೈಲಿನಿಂದ ಇಂಗ್ಲಿಷ್ ಹಾಡೊಂದು ಹೊರಟಿತ್ತು. ಗಿಟಾರು ಗರ್ಜಿಸುತ್ತಿತ್ತು, ಡ್ರಮ್ಮು ಗುದ್ದುತ್ತಿತ್ತು. ವಾಚನಾಲಯದಲ್ಲಿ ಸದ್ದು ಕೂಡದೆಂದು ಹೇಳಲು ನಾನು ಏಳುವಷ್ಟರಲ್ಲೇ ಎದುರಿಗಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದಿಟ್ಟು, "ಇದು ನಾನು ಬಲ್ಲ ಹಾಡಲ್ಲವೋ ಮಾರಾಯ!" ಎಂದರು. ಅವರು ಹುಡುಗರಾಗಿದ್ದಾಗ ಕೋಟೆ ಭಾಗದ ಇರಾನಿ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವರು. ನಾಣ್ಯ ಹಾಕಿದರೆ ಬೇಕಾದ ರೆಕಾರ್ಡು ಹಾಡುವ ಜೂಕ್‌ಬಾಕ್ಸು ಅಲ್ಲಿತ್ತು. ಮೇಜು ಒರೆಸುತ್ತ ಒರೆಸುತ್ತ ಆ ಕಾಲದ ಇಂಗ್ಲಿಷ್ ಹಾಡುಗಳೆಲ್ಲ ಅವರ ಕಿವಿಯಲ್ಲಿ ಕುಳಿತಿವೆ.

"ಇದು ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಎಂಬಾಕೆಯ ಹಾಡು" ಎಂದರು ಅವರು.

"ಅಲ್ಲ ಮಾಮ, ವೈಟ್ ಸ್ಟ್ರೈಪ್ಸ್ ಎಂಬ ಮೇಳದ್ದು. 2003ರ ಹಾಡು" ಎಂದ ಯುವಕ.

"ಹಾಗಾದರೆ ಕದ್ದಿದ್ದಾರೆ" ಎಂದು ಹಿರಿಯರು ಕನ್ನಡಕ ಹಾಕಿಕೊಂಡು ಪತ್ರಿಕೆಗೆ ತಿರುಗಿದರು. ಹುಡುಗನ ಮುಖ ಸಣ್ಣದಾಯಿತು.

ಮಾತು ಅಲ್ಲಿಗೇ ಮುಗಿದಿದ್ದರೆ ಈ ಲೇಖನಕ್ಕೆ ಕಾರಣವಿರಲಿಲ್ಲ. ಆದರೆ ಅದೇ ಯುವಕನೂ ಅವನ ಮೂವರು ಗೆಳೆಯರೂ ಸಂಘದ ವಾರ್ಷಿಕೋತ್ಸವದಲ್ಲಿ ಶಿಶುನಾಳ ಶರೀಫರ ಪದಗಳನ್ನು ಗಿಟಾರು ಡ್ರಮ್ಮುಗಳೊಡನೆ ಹಾಡಲು ಅಪ್ಪಣೆ ಕೇಳಿ ಅರ್ಜಿ ಕೊಟ್ಟಿದ್ದಾರೆ. ಆ ಹಿರಿಯರು ಕಾರ್ಯಕಾರಿ ಸಮಿತಿಯಲ್ಲಿದ್ದಾರೆ. "ಕಳವು" ಎಂಬ ಮಾತು ಆ ಅರ್ಜಿಯ ಮೇಲೂ ಬಿದ್ದ ಹಾಗಾಗಿದೆ. ಆದುದರಿಂದ ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುವುದೆಂದರೇನು, ಅದಕ್ಕೆ ಕಟ್ಟಳೆಯೇನು, ದುಡ್ಡು ಯಾರಿಗೆ ಹೋಗುತ್ತದೆ, ಹೆಸರು ಯಾರಿಗೆ ಸಲ್ಲುತ್ತದೆ ಎಂಬುದನ್ನು ಆ ಇಂಗ್ಲಿಷ್ ಹಾಡಿನ ನೆವದಿಂದಲೇ ಅಭ್ಯಾಸ ಮಾಡೋಣ. ಹಿಂದಿನ ಪಾಠಗಳಂತೆ ಇದನ್ನೂ ಸಾವಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲು ಜಗಳವನ್ನು ಬಗೆಹರಿಸೋಣ. ಹಾಡಿನ ಹೆಸರು "ಐ ಜಸ್ಟ್ ಡೋಂಟ್ ನೋ ವಾಟ್ ಟು ಡು ವಿತ್ ಮೈಸೆಲ್ಫ್". ಪ್ರೀತಿಸಿದವರು ಬಿಟ್ಟುಹೋದ ಮೇಲೆ ದಿನ ಕಳೆಯುವುದು ಹೇಗೆಂದು ತೋಚದವರ ಹಾಡು. 1964ರಲ್ಲಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಅದನ್ನು ಹಾಡಿದ್ದು ನಿಜ. 2003ರಲ್ಲಿ ವೈಟ್ ಸ್ಟ್ರೈಪ್ಸ್ ಹಾಡಿದ್ದೂ ನಿಜ. ಆದರೆ ಹಾಡು ಇವರಿಬ್ಬರದೂ ಅಲ್ಲ. ಇವರಿಗೆ ಮೊದಲು, 1962ರಲ್ಲಿ, ಟಾಮಿ ಹಂಟ್ ಎಂಬಾತ ಅದನ್ನು ಹಾಡಿದ್ದ. ಅವನದೂ ಅಲ್ಲ! ಮಟ್ಟು ಹಾಕಿದವರು ಬರ್ಟ್ ಬ್ಯಾಕರಾಕ್, ಮಾತು ಬರೆದವರು ಹಾಲ್ ಡೇವಿಡ್. ನಾವು ಹಾಡನ್ನು ಹಾಡಿದವರ ಹೆಸರಿನಿಂದಲೇ ಗುರುತಿಸುತ್ತೇವೆ. ಚಲನಚಿತ್ರದ ಹಾಡನ್ನು ಪಿ. ಬಿ. ಶ್ರೀನಿವಾಸರ ಹಾಡು ಎನ್ನುತ್ತೇವೆಯೇ ಹೊರತು ಚಿ. ಉದಯಶಂಕರರದೆಂದಾಗಲಿ ಜಿ. ಕೆ. ವೆಂಕಟೇಶರದೆಂದಾಗಲಿ ಎಷ್ಟು ಮಂದಿ ಹೇಳುತ್ತಾರೆ? ಬಟ್ಟೆಯ ಮೇಲೆ ಅಂಗಡಿಯ ಚೀಟಿ ನೋಡುತ್ತೇವೆ, ನೇಯ್ದವನನ್ನು ಕೇಳುವುದಿಲ್ಲ.

ಬ್ಯಾಕರಾಕರು 1928ರ ಮೇ 12ರಂದು ಅಮೆರಿಕದ ಕ್ಯಾನ್ಸಸ್ ನಗರದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದರು. ತಂದೆ ಪತ್ರಿಕೆಗಳಿಗೆ ಅಂಕಣ ಬರೆಯುತ್ತಿದ್ದವರು. ತಾಯಿಯ ಒತ್ತಾಯಕ್ಕೆ ಪಿಯಾನೋ ಕಲಿತ ಹುಡುಗ ಮುಂದೆ ಜಾಜ್ ಸಂಗೀತದ ಹುಚ್ಚು ಹಿಡಿಸಿಕೊಂಡು, ವಯಸ್ಸಾಗದಿದ್ದರೂ ಕ್ಲಬ್ಬುಗಳಿಗೆ ಕದ್ದು ನುಗ್ಗುತ್ತಿದ್ದ. ಆಮೇಲೆ ಶಾಸ್ತ್ರೀಯ ಸಂಗೀತವನ್ನು ದಾರಿಯುಸ್ ಮಿಯೋ ಎಂಬ ಫ್ರೆಂಚ್ ವಾಗ್ಗೇಯಕಾರರ ಬಳಿ ಅಭ್ಯಾಸ ಮಾಡಿದರು. ಆಗಿನ ಕಾಲದ ವಿದ್ಯಾರ್ಥಿಗಳಿಗೆ ಕರ್ಕಶವಾಗಿ ಬರೆದರೇ ದೊಡ್ಡಸ್ತಿಕೆ. ಬ್ಯಾಕರಾಕರು ಬರೆದ ಒಂದು ರಚನೆಯಲ್ಲಿ ಮಾತ್ರ ಇಂಪಾದ ಸ್ವರವೊಂದು ನುಸುಳಿತ್ತು. ಅದಕ್ಕೆ ಅವರು ನಾಚಿಕೊಂಡಿದ್ದರು. ಕೇಳಿದವರು ಗುನುಗಬಹುದಾದ ಸ್ವರ ಬರೆದುದಕ್ಕೆ ಎಂದೂ ನಾಚಬೇಡ ಎಂದು ಗುರುಗಳು ಹೇಳಿದರಂತೆ. ಇದನ್ನು ಬ್ಯಾಕರಾಕರೇ ಮುಪ್ಪಿನವರೆಗೂ ನೆನೆಯುತ್ತಿದ್ದರು.

ಹಾಲ್ ಡೇವಿಡ್ ಅವರಿಗಿಂತ ಏಳು ವರ್ಷ ಹಿರಿಯರು. ಬ್ರೂಕ್ಲಿನ್ನಿನಲ್ಲಿ ಸಣ್ಣ ತಿಂಡಿ ಅಂಗಡಿ ಇಟ್ಟಿದ್ದ ವಲಸೆಗಾರರ ಮಗ. ಇಬ್ಬರೂ ಸೇರಿದ್ದು 1950ರ ದಶಕದ ಕೊನೆಯಲ್ಲಿ, ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯ 1619ನೆಯ ನಂಬರಿನ ಬ್ರಿಲ್ ಬಿಲ್ಡಿಂಗಿನಲ್ಲಿ. ಹನ್ನೊಂದು ಅಂತಸ್ತಿನ ಆ ಕಟ್ಟಡವನ್ನು ಹಾಡಿನ ಗಿರಣಿ ಎಂದರೆ ತಪ್ಪಾಗದು. ಒಂದೊಂದು ಕಿರುಕೋಣೆಯಲ್ಲಿ ಒಂದು ಪಿಯಾನೋ, ಒಂದು ಮೇಜು, ಇಬ್ಬರು ಮನುಷ್ಯರು. ಬೆಳಿಗ್ಗೆ ಬಂದು ಕೂಡುವುದು, ಹಾಡು ಹೊಸೆಯುವುದು, ಸಂಜೆಯೊಳಗೆ ಪ್ರಕಾಶಕರಿಗೆ ತೋರಿಸುವುದು. ನಮ್ಮ ಕಡೆ ಕವಿ ಎಂದರೆ ಕೆರೆಯ ದಂಡೆಯಲ್ಲಿ ಕೂತವನೆಂದು ಊಹಿಸುತ್ತೇವೆ. ಇವರು ಹಾಜರಿ ಹಾಕಿ ಹಾಡು ಬರೆದವರು. ಅದರಿಂದ ಹಾಡು ಕೆಟ್ಟಿತೆಂದು ಹೇಳುವ ಹಾಗಿಲ್ಲ.

ಇವರ ಹಾಡಿಗೆ ಸರಿಯಾದ ಕೊರಳು ದೊರೆತದ್ದು 1961ರಲ್ಲಿ. ಧ್ವನಿಮುದ್ರಣವೊಂದಕ್ಕೆ ಹಿಂದಿನಿಂದ ದನಿಗೂಡಿಸಲು ಬಂದಿದ್ದ, ಚರ್ಚಿನ ಭಜನೆಯಲ್ಲಿ ಬೆಳೆದ ಒಬ್ಬ ಕಪ್ಪು ಹುಡುಗಿಯನ್ನು ಬ್ಯಾಕರಾಕರು ಗಮನಿಸಿದರು. ಆಕೆಯ ಹೆಸರು ಡಿಯಾನ್ ವಾರಿಕ್. 1962ರಲ್ಲಿ ಆಕೆಯ ಮೊದಲ ರೆಕಾರ್ಡು ಅಚ್ಚಾದಾಗ ಚೀಟಿಯ ಮೇಲೆ "ವಾರಿಕ್" ಎಂಬುದು "ವಾರ್ವಿಕ್" ಎಂಬ ಕಾಗುಣಿತದಲ್ಲಿ ಬಂತು. ತಿದ್ದಲಿಲ್ಲ. ಆಕೆ ಅಂದಿನಿಂದ ಜಗತ್ತಿಗೆಲ್ಲ ವಾರ್ವಿಕ್ ಆದರು! ನಮ್ಮಂಥ ಗುಮಾಸ್ತರು ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುವಾಗ ಇದನ್ನು ನೆನೆಯಬೇಕು.

ಈ ಮೂವರು ಸೇರಿ ಮಾಡಿದ ಹಾಡುಗಳಲ್ಲಿ ವಿಶೇಷವೇನು? ಕೇಳಲು ಹಗುರ, ಹಾಡಲು ಕಷ್ಟ. ಇಂಗ್ಲಿಷ್ ಜನಪ್ರಿಯ ಹಾಡು ಸಾಮಾನ್ಯವಾಗಿ ನಾಲ್ಕರ ಎಣಿಕೆಯಲ್ಲಿ ನಡೆಯುತ್ತದೆ. ಒಂದು ಎರಡು ಮೂರು ನಾಲ್ಕು ಎಂದು ಕಾಲು ತಟ್ಟಿದರೆ ಮೊದಲಿಂದ ಕೊನೆಯವರೆಗೆ ಸರಿಹೋಗುತ್ತದೆ. ಬ್ಯಾಕರಾಕರದು ಹಾಗಲ್ಲ. 1963ರ "ಎನಿಒನ್ ಹೂ ಹ್ಯಾಡ್ ಎ ಹಾರ್ಟ್" ಎಂಬ ಹಾಡಿನಲ್ಲಿ ನಾಲ್ಕರ ಎಣಿಕೆ ಐದಕ್ಕೆ ತಿರುಗುತ್ತದೆ, ಒಂದೆಡೆ ಏಳರ ತುಂಡೂ ಬರುತ್ತದೆ. 1967ರ "ಐ ಸೇ ಎ ಲಿಟಲ್ ಪ್ರೇಯರ್" ಎಂಬುದರ ಪಲ್ಲವಿ ನಾಲ್ಕು, ಮೂರು, ನಾಲ್ಕು, ಒಟ್ಟು ಹನ್ನೊಂದು. ಖಂಡಚಾಪು, ಮಿಶ್ರಚಾಪುಗಳನ್ನು ಕಿವಿಯಾರೆ ಕೇಳಿದವರಿಗೆ, ರಾತ್ರಿಯೆಲ್ಲ ಯಕ್ಷಗಾನದ ತ್ರಿವುಡೆಗೆ ತಲೆದೂಗಿದವರಿಗೆ ಐದು ಏಳುಗಳು ಹೊಸತಲ್ಲ. ಆದರೆ ನಾವು ಒಂದು ತಾಳ ಹಿಡಿದರೆ ಆ ಹಾಡು ಮುಗಿಯುವವರೆಗೆ ಅದನ್ನೇ ಹಿಡಿಯುತ್ತೇವೆ. ಇಲ್ಲಿ ತಾಳವೇ ನಡುನಡುವೆ ಹೊರಳುತ್ತದೆ. ನನಗೆ ತೋರುವಂತೆ ಇದು ಜಾಣ್ಮೆ ತೋರಿಸಲು ಮಾಡಿದ್ದಲ್ಲ. ಮನಸ್ಸು ಕಲಕಿದವರು ಮಾತಾಡುವಾಗ ಉಸಿರು ಎಲ್ಲಿ ತುಂಡಾಗುತ್ತದೋ ಅಲ್ಲಿ ಎಣಿಕೆಯೂ ತುಂಡಾಗಿದೆ.

ಈಗ ರಾಕ್ ಮೇಳಗಳ ಕಡೆಗೆ ಬರೋಣ. ಇಂಗ್ಲಿಷಿನಲ್ಲಿ "ಇಂಡಿ" ಎಂಬ ಮಾತಿದೆ. ಸ್ವತಂತ್ರ ಎಂಬರ್ಥದ ಪದದ ಮೊಟಕು ರೂಪ. ದೊಡ್ಡ ರೆಕಾರ್ಡು ಕಂಪನಿಗಳಿಗೆ ಸೇರದೆ, ಸ್ವಂತ ಬಂಡವಾಳದಲ್ಲಿ, ಸಣ್ಣ ಕಂಪನಿಗಳ ಮೂಲಕ ರೆಕಾರ್ಡು ಹೊರಡಿಸುವ ಮೇಳಗಳಿಗೆ ಈ ಹೆಸರು ಮೊದಲು ಬಂತು. ಬ್ರಿಟನ್ನಿನಲ್ಲಿ 1976ರಲ್ಲಿ ಲಂಡನ್ನಿನ ಸ್ಟಿಫ್ ಎಂಬ ಸಣ್ಣ ಕಂಪನಿ ಶುರುವಾಯಿತು. 1978ರಲ್ಲಿ ರಫ್ ಟ್ರೇಡ್ ಎಂಬ ರೆಕಾರ್ಡು ಅಂಗಡಿ ತಾನೇ ಕಂಪನಿಯಾಯಿತು. 1980ರಲ್ಲಿ ಇಂಥವರ ರೆಕಾರ್ಡುಗಳ ಮಾರಾಟಕ್ಕೇ ಬೇರೆ ಪಟ್ಟಿ ಬರತೊಡಗಿತು. ಕಾಲಕ್ರಮದಲ್ಲಿ ಈ ಮೇಳಗಳಲ್ಲಿ ಎಷ್ಟೋ ದೊಡ್ಡ ಕಂಪನಿಗಳ ತೆಕ್ಕೆಗೆ ಹೋದವು, ಆದರೂ ಹೆಸರು ಉಳಿಯಿತು. ಊರು ಬಿಟ್ಟು ಮೂವತ್ತು ವರ್ಷವಾದರೂ ನಮ್ಮ ಹೆಸರಿನ ಮುಂದೆ ಊರಿನ ಹೆಸರು ಉಳಿದ ಹಾಗೆ.

ಈ ಹುಡುಗರ ಧೋರಣೆಗೂ ಬ್ಯಾಕರಾಕರ ಹಾಡಿಗೂ ಅಜಗಜಾಂತರ. ಅವರದು ಪಿಟೀಲುಗಳ ಸಾಲು, ತುತ್ತೂರಿ, ಇಸ್ತ್ರಿ ಮಾಡಿದ ಕೋಟು. ಇವರದು ಮೂರು ನಾಲ್ಕು ವಾದ್ಯ, ಹರಿದ ಪ್ಯಾಂಟು, ಕಿರುಚಾಟ. ಆದರೂ ಇವರು ಮತ್ತೆ ಮತ್ತೆ ಅವರ ಹಾಡುಗಳಿಗೇ ಹೋದರು.

ಮೊದಲ ಉದಾಹರಣೆ ಇಂಡಿ ಎಂಬ ಮಾತು ಹುಟ್ಟುವ ಮುಂಚಿನದು. "ವಾಟ್ಸ್ ನ್ಯೂ ಪುಸಿಕ್ಯಾಟ್" ಎಂಬ 1965ರ ಚಲನಚಿತ್ರಕ್ಕೆ ಬ್ಯಾಕರಾಕರು ಮಾಡಿದ್ದ "ಮೈ ಲಿಟಲ್ ರೆಡ್ ಬುಕ್" ಎಂಬ ಹಾಡನ್ನು 1966ರಲ್ಲಿ ಲಾಸ್ ಏಂಜಲಿಸಿನ ಲವ್ ಎಂಬ ಮೇಳ ಹಾಡಿತು. ಮೂಲದ ತೊಡಕಾದ ಸ್ವರಮೇಳಗಳನ್ನೆಲ್ಲ ಸವರಿಹಾಕಿ ಒರಟಾಗಿ ಹಾಡಿದರು. ಬ್ಯಾಕರಾಕರಿಗೆ ಇದು ಹಿಡಿಸಲಿಲ್ಲ. ಸ್ವರಮೇಳ ತಪ್ಪಾಗಿದೆ ಎಂಬುದು ಅವರ ದೂರು. ದೂರು ನ್ಯಾಯವೇ. ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಲಂಡನ್ನಿನಲ್ಲಿ ಪಿಂಕ್ ಫ್ಲಾಯ್ಡ್ ಮೇಳದ ವ್ಯವಸ್ಥಾಪಕರಲ್ಲೊಬ್ಬರಾದ ಪೀಟರ್ ಜೆನ್ನರ್, ಲವ್ ಮೇಳದ ಈ ಹಾಡನ್ನು ಕೇಳಿ, ಹೆಸರು ನೆನಪಾಗದೆ, ಮೇಳದ ಸಿಡ್ ಬ್ಯಾರೆಟ್ ಎಂಬುವನ ಮುಂದೆ ತಪ್ಪುತಪ್ಪಾಗಿ ಗುನುಗಿದರು. ಅವನು ಅದನ್ನು ಗಿಟಾರಿನಲ್ಲಿ ಹಿಡಿಯಲು ಹೋದಾಗ ಅದು ಇನ್ನೇನೋ ಆಯಿತು. ಆ ಇನ್ನೇನೋ 1967ರಲ್ಲಿ "ಇಂಟರ್‌ಸ್ಟೆಲರ್ ಓವರ್‌ಡ್ರೈವ್" ಎಂಬ ಹೆಸರಾಂತ ವಾದ್ಯರಚನೆಯಾಗಿ ಹೊರಬಿತ್ತು. ತಪ್ಪಿನ ಮೇಲೆ ತಪ್ಪು ಕೂಡಿ ಹೊಸದೊಂದು ಆದದ್ದನ್ನು ನಮ್ಮ ಜಮಾ-ಖರ್ಚಿನಲ್ಲಿ ಎಲ್ಲಿಯೂ ಕಾಣೆವು.

ಇಂಗ್ಲೆಂಡಿನ ಸ್ಟ್ರ್ಯಾಂಗ್ಲರ್ಸ್ ಮೇಳ 1978ರಲ್ಲಿ "ವಾಕ್ ಆನ್ ಬೈ" ಹಾಡನ್ನು ಆರ್ಗನ್ನಿನ ಉದ್ದನೆಯ ವಾದನ ಸೇರಿಸಿ ಹಿಗ್ಗಿಸಿತು. 1983ರಲ್ಲಿ ನೇಕೆಡ್ ಐಸ್ ಎಂಬ ಜೋಡಿ "ಆಲ್ವೇಸ್ ಸಂಥಿಂಗ್ ದೇರ್ ಟು ರಿಮೈಂಡ್ ಮಿ" ಹಾಡನ್ನು ವಿದ್ಯುತ್ ವಾದ್ಯಗಳಲ್ಲಿ ನುಡಿಸಿ ಅಮೆರಿಕದಲ್ಲಿ ಹೆಸರು ಮಾಡಿತು. ಇವನ್ನು ಕೇಳಿ ನೋಡಬಹುದು, ಹೆಚ್ಚು ಹೇಳುವಂಥದ್ದಿಲ್ಲ.

ನನಗೆ ಹೆಚ್ಚು ಮೆಚ್ಚಿಕೆಯಾದವನು ಎಲ್ವಿಸ್ ಕಾಸ್ಟೆಲೋ. ಕಾರಣವನ್ನು ಮುಚ್ಚಿಡುವುದಿಲ್ಲ: ಈತ ನಮ್ಮವನು, ಅಂದರೆ ಗುಮಾಸ್ತ! ನಿಜವಾದ ಹೆಸರು ಡೆಕ್ಲನ್ ಮ್ಯಾಕ್‌ಮಾನಸ್. ಲಂಡನ್ನಿನಲ್ಲಿ ಸ್ನೋ, ಲಿಪ್‌ಸ್ಟಿಕ್ ತಯಾರಿಸುವ ಕಂಪನಿಯೊಂದರ ಕಚೇರಿಯಲ್ಲಿ ಗಣಕಯಂತ್ರ ನೋಡಿಕೊಂಡಿದ್ದ. 1977ರಲ್ಲಿ ಮೊದಲ ರೆಕಾರ್ಡು ಬಂದ ಮೇಲೆಯೇ ಕೆಲಸ ಬಿಟ್ಟದ್ದು. ತಂದೆ ಜೋ ಲಾಸ್ ಎಂಬುವರ ನೃತ್ಯಮೇಳದಲ್ಲಿ ಗಾಯಕರು. ಆ ವಾರದ ಜನಪ್ರಿಯ ಹಾಡುಗಳನ್ನು ರೇಡಿಯೋದಲ್ಲಿ ಹಾಡಬೇಕಾದ್ದರಿಂದ ಕಲಿಯಲೆಂದು ರೆಕಾರ್ಡುಗಳನ್ನು ಮನೆಗೆ ತರುತ್ತಿದ್ದರು. ಮಗನೂ ಕೇಳಿ ಕಲಿತ. ಅಪ್ಪನ ಹೊಟ್ಟೆಪಾಡು ಮಗನ ವಿದ್ಯೆಯಾಯಿತು.

1977ರ ಇಂಗ್ಲೆಂಡಿನಲ್ಲಿ ಪಂಕ್ ಎಂಬ ಅಬ್ಬರದ ಸಂಗೀತದ ಕಾಲ. ಹಳೆಯದೆಲ್ಲ ಹಾಳು ಎಂದು ಹುಡುಗರು ಉಗುಳುತ್ತಿದ್ದ ಹೊತ್ತಿನಲ್ಲಿ ಸ್ಟಿಫ್ ಕಂಪನಿಯ ಮೇಳಗಳೆಲ್ಲ ಒಟ್ಟಾಗಿ ಊರೂರು ಸುತ್ತಿದವು. ಅಲ್ಲಿ ಕಾಸ್ಟೆಲೋ ಹಾಡಿದ ಹಾಡುಗಳಲ್ಲೊಂದು ನಮ್ಮ ಜಗಳದ ಹಾಡೇ: "ಐ ಜಸ್ಟ್ ಡೋಂಟ್ ನೋ". ತನ್ನ ಸರೀಕರು ಗೇಲಿಮಾಡುವ ಹಾಡನ್ನು ಅವರೆದುರಿಗೇ ಹಾಡುವುದಕ್ಕೆ ಎದೆ ಬೇಕು. ಆ ಹಾಡಿಕೆ 1978ರ "ಲೈವ್ ಸ್ಟಿಫ್ಸ್" ರೆಕಾರ್ಡಿನಲ್ಲಿ ಉಳಿದಿದೆ. ಹತ್ತೊಂಬತ್ತು ವರ್ಷ ಕಳೆದ ಮೇಲೆ, 1996ರ "ಗ್ರೇಸ್ ಆಫ್ ಮೈ ಹಾರ್ಟ್" ಎಂಬ ಚಲನಚಿತ್ರಕ್ಕಾಗಿ, ಆ ಹಿರಿಯರೂ ಈ ಕಿರಿಯನೂ ಸೇರಿ ಒಂದು ಹಾಡು ಕಟ್ಟಿದರು. ಇಬ್ಬರೂ ಬೇರೆ ಬೇರೆ ಊರಿನಲ್ಲಿದ್ದುದರಿಂದ ಟೆಲಿಫೋನು, ಫ್ಯಾಕ್ಸುಗಳ ಮೂಲಕವೇ ಕೆಲಸ ನಡೆಯಿತು. ಚಿತ್ರದ ಕತೆಯೂ ಬ್ರಿಲ್ ಬಿಲ್ಡಿಂಗಿನಂಥ ಕಡೆ ಹಾಡು ಬರೆಯುವ ಹೆಣ್ಣುಮಗಳದ್ದೇ. 1998ರಲ್ಲಿ ಇಬ್ಬರ ಹೆಸರಿನಲ್ಲಿ "ಪೇಂಟೆಡ್ ಫ್ರಂ ಮೆಮೊರಿ" ಎಂಬ ಪೂರ್ತಿ ರೆಕಾರ್ಡೇ ಬಂತು, ಅದರ ಒಂದು ಹಾಡಿಗೆ ಮರುವರ್ಷ ಗ್ರ್ಯಾಮಿ ಬಹುಮಾನವೂ ಬಂತು. ಬೇರೆಯವರ ಹಾಡು ಹಾಡುತ್ತಿದ್ದವನು ಅವರ ಪಕ್ಕದ ಕುರ್ಚಿಯಲ್ಲಿ ಕೂತ.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ವೇಲ್ಸ್ ನಾಡಿನ ಬ್ಲ್ಯಾಕ್‌ವುಡ್ ಎಂಬುದು ಕಲ್ಲಿದ್ದಲ ಗಣಿಗಳ ಕಣಿವೆಯ ಊರು. 1984-85ರ ದೊಡ್ಡ ಮುಷ್ಕರ ಸೋತ ಮೇಲೆ ಆ ಸೀಮೆಯ ಗಣಿಗಳು ಒಂದೊಂದಾಗಿ ಮುಚ್ಚಿದವು. 1982ರ ಗಿರಣಿ ಮುಷ್ಕರದ ಮುಂಬಯಿಯನ್ನು ಕಂಡವರ, ಕೇಳಿದವರ ಮುಂದೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಬೆಳೆದ ನಾಲ್ವರು ಗೆಳೆಯರ ಮೇಳ ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್. ಅವರಲ್ಲೊಬ್ಬನಾದ, ಹಾಡಿನ ಮಾತುಗಳನ್ನು ಬರೆಯುತ್ತಿದ್ದ ರಿಚಿ ಎಡ್ವರ್ಡ್ಸ್ 1995ರ ಫೆಬ್ರವರಿ 1ರಂದು ಲಂಡನ್ನಿನ ಹೋಟೆಲಿನಿಂದ ಹೊರಟವನು ಮರಳಲಿಲ್ಲ. ಇಂದಿಗೂ ಪತ್ತೆಯಿಲ್ಲ, 2008ರಲ್ಲಿ ಕಾನೂನಿನ ಪ್ರಕಾರ ಸತ್ತನೆಂದು ಭಾವಿಸಬಹುದೆಂದು ದಾಖಲಾಯಿತು. ಉಳಿದ ಮೂವರು ಮೇಳವನ್ನು ನಡೆಸಬೇಕೋ ಮುಚ್ಚಬೇಕೋ ತಿಳಿಯದೆ ತಿಂಗಳುಗಟ್ಟಲೆ ಸುಮ್ಮನಿದ್ದರು.

ಆ ವರ್ಷ ಬೋಸ್ನಿಯಾ ದೇಶದಲ್ಲಿ ಯುದ್ಧ. ಅಲ್ಲಿನ ಮಕ್ಕಳ ನೆರವಿಗೆ ಬ್ರಿಟನ್ನಿನ ಮೇಳಗಳು ಸೇರಿ "ಹೆಲ್ಪ್" ಎಂಬ ರೆಕಾರ್ಡು ಮಾಡಿದವು. ಎಲ್ಲರೂ 1995ರ ಸೆಪ್ಟೆಂಬರ್ 4ರ ಸೋಮವಾರ ಒಂದೇ ದಿನ ಹಾಡು ಮುದ್ರಿಸಬೇಕು, ಶನಿವಾರ ಅದು ಅಂಗಡಿಯಲ್ಲಿರಬೇಕು ಎಂಬುದು ಕರಾರು. ಆ ದಿನ ಈ ಮೂವರು ತಮ್ಮ ಸ್ವಂತ ಹಾಡು ಹಾಡಲಿಲ್ಲ. ಬ್ಯಾಕರಾಕ್-ಡೇವಿಡ್ಡರ "ರೇನ್‌ಡ್ರಾಪ್ಸ್ ಕೀಪ್ ಫಾಲಿಂಗ್ ಆನ್ ಮೈ ಹೆಡ್" ಹಾಡಿದರು. ಗೆಳೆಯ ಕಾಣೆಯಾದ ಮೇಲೆ ಹೊರಬಂದ ಅವರ ಮೊದಲ ಹಾಡು ಅದು. ಮಾತು ಬರೆಯುವವನು ಇಲ್ಲದಾಗ, ಎಂದೋ ಬ್ರಾಡ್‌ವೇ ಬೀದಿಯ ಗುಮಾಸ್ತರಂಥ ಇಬ್ಬರು ಬರೆದಿಟ್ಟ ಮಾತು ಅವರಿಗೆ ಒದಗಿತು. ಮೂಲದಲ್ಲಿ ಅದು 1969ರ ಚಲನಚಿತ್ರವೊಂದರಲ್ಲಿ ನಾಯಕ ಸೈಕಲ್ ಸವಾರಿ ಮಾಡುವಾಗಿನ ಹಗುರವಾದ ಹಾಡು. 1970ರಲ್ಲಿ ಆಸ್ಕರ್ ಪಡೆದದ್ದು. ಚಿತ್ರಕ್ಕಾಗಿ ಅದನ್ನು ಹಾಡಿದ ಬಿ. ಜೆ. ಥಾಮಸರಿಗೆ ಅಂದು ಗಂಟಲು ಕಟ್ಟಿತ್ತು, ಆ ಒಡಕು ದನಿಯೇ ಚಿತ್ರದಲ್ಲಿ ಉಳಿಯಿತು. ವೇಲ್ಸಿನ ಹುಡುಗರು ಅದನ್ನು ಗರ್ಜಿಸಲಿಲ್ಲ. ಸರಳವಾಗಿ ಗಿಟಾರು ಮೀಟಿ ಹಾಡಿದರು. ಡ್ರಮ್ ಬಾರಿಸುವ ಶಾನ್ ಮೂರ್ ಅಂದು ತುತ್ತೂರಿ ಊದಿದ. ಮಾತು ಅದೇ, ಮಟ್ಟು ಅದೇ. ಆದರೆ ಮಳೆ ಬೇರೆ. ಹಾಡನ್ನು ತಿದ್ದದೆಯೇ ಅದರ ಅರ್ಥ ಬದಲಾಗಬಲ್ಲದೆಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಈಗ ನಮ್ಮ ಜಗಳದ ಹಾಡು. ವೈಟ್ ಸ್ಟ್ರೈಪ್ಸ್ ಡೆಟ್ರಾಯಿಟ್ ನಗರದ ಇಬ್ಬರೇ ಇಬ್ಬರ ಮೇಳ. ಜ್ಯಾಕ್ ವೈಟ್ ಗಿಟಾರು ಮತ್ತು ಹಾಡು, ಮೆಗ್ ವೈಟ್ ಡ್ರಮ್ಮು. 2003ರ "ಎಲಿಫೆಂಟ್" ರೆಕಾರ್ಡನ್ನು ಅವರು ಲಂಡನ್ನಿನ ಸಣ್ಣ ಸ್ಟುಡಿಯೋವೊಂದರಲ್ಲಿ ಹಳೆಯ ಕಾಲದ ಎಂಟು ಹಾದಿಯ ಟೇಪು ಯಂತ್ರದಲ್ಲಿ ಮುದ್ರಿಸಿದರು. ಗಣಕಯಂತ್ರ ಬಳಸಿಲ್ಲವೆಂದು ಹೊದಿಕೆಯ ಮೇಲೇ ಅಚ್ಚುಹಾಕಿಸಿದರು. ಡಸ್ಟಿಯ ಹಿಂದೆ ಇಡೀ ವಾದ್ಯವೃಂದವಿತ್ತು. ಇವರಲ್ಲಿ ಪಿಟೀಲಿಲ್ಲ, ತುತ್ತೂರಿಯಿಲ್ಲ. ಇದ್ದದ್ದು ಎರಡೇ: ಸದ್ದು ಮತ್ತು ಸುಮ್ಮನಿರುವುದು. ಮೆಲ್ಲಗೆ, ತನಗೆ ತಾನೇ ಹೇಳಿಕೊಂಡ ಹಾಗೆ ಹಾಡು ಶುರುವಾಗುತ್ತದೆ. ಆಮೇಲೆ ಗಿಟಾರು ಸಿಡಿಯುತ್ತದೆ. ಮೂಲದಲ್ಲಿ ವಾದ್ಯವೃಂದ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದ ದುಃಖವನ್ನು ಇವರು ಒಂದೇ ನೆಗೆತದಲ್ಲಿ ಏರಿಸಿದರು. ನಮ್ಮ ಹಿರಿಯರು ಆ ಗದ್ದಲದ ನಡುವೆ ಹಾಡನ್ನು ಗುರುತು ಹಿಡಿದರಲ್ಲ, ಅದೇ ಮುಖ್ಯ. ಚರ್ಮ ಸುಲಿದರೂ ಎಲುಬು ನಿಂತಿತ್ತು.

ಮ್ಯಾಂಚೆಸ್ಟರಿನ ಓಯಸಿಸ್ ಮೇಳದ್ದು ಇನ್ನೊಂದು ರೀತಿ. 1994ರ ಅವರ ಮೊದಲ ರೆಕಾರ್ಡಿನ ಹೊದಿಕೆಯ ಚಿತ್ರದಲ್ಲಿ, ಹುಡುಗರು ಕೂತ ಕೋಣೆಯಲ್ಲಿ, ಬ್ಯಾಕರಾಕರ ಪಟವೊಂದನ್ನು ಇಟ್ಟಿದ್ದಾರೆ. ನಮ್ಮ ಭಜನಾ ಮಂದಿರದಲ್ಲಿ ಪುರಂದರದಾಸರ ಪಟ ಇಟ್ಟ ಹಾಗೆ. 1996ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಆ ಮೇಳದ ನೋಯೆಲ್ ಗ್ಯಾಲಗರ್ ಬ್ಯಾಕರಾಕರ ಎದುರಿನಲ್ಲೇ ಅವರ ಹಾಡು ಹಾಡಿದ. ತನ್ನ ಹಾಡೊಂದು ಅದೇ ಹಾಡಿನಿಂದ ಬಂದದ್ದೆಂದು ಬಾಯಿಬಿಟ್ಟು ಒಪ್ಪಿಕೊಂಡವನೂ ಆತ. ಕದ್ದವನು ಪಟ ಇಡುವುದಿಲ್ಲ.

ಇನ್ನು ಲೆಕ್ಕದ ಮಾತು. ಇದನ್ನು ಬಿಟ್ಟರೆ ಪಾಠ ಅಪೂರ್ಣ. 1900ರ ಸುಮಾರಿಗೆ ಅಮೆರಿಕದಲ್ಲಿ ತಾನೇ ನುಡಿಯುವ ಪಿಯಾನೋ ಬಳಕೆಗೆ ಬಂತು. ರಂಧ್ರ ಕೊರೆದ ಕಾಗದದ ಸುರುಳಿ ಹಾಕಿದರೆ ಅದು ಹಾಡು ನುಡಿಸುತ್ತಿತ್ತು. ಸುರುಳಿ ಮಾಡುವವರು ಮಟ್ಟು ಹಾಕಿದವರಿಗೆ ಕಾಸು ಕೊಡಬೇಕೇ? ಬೇಡವೆಂದು 1908ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಪೀಠ ತೀರ್ಪಿತ್ತಿತು. ಕೊಡಬೇಕೆಂದು 1909ರಲ್ಲಿ ಶಾ‌ಸನವಾಯಿತು. ಆದರೆ ಒಂದೇ ಕಂಪನಿ ಹಾಡುಗಳನ್ನೆಲ್ಲ ಕೊಂಡು ಗುತ್ತಿಗೆ ಹಿಡಿದೀತೆಂಬ ಭಯದಿಂದ ಇನ್ನೊಂದು ನಿಯಮ ಸೇರಿಸಿದರು: ಒಮ್ಮೆ ಹಾಡು ಮುದ್ರಣವಾಗಿ ಹೊರಬಂತೆಂದರೆ, ಪ್ರತಿಗೆ 2 ಸೆಂಟ್ ಕೊಟ್ಟು ಯಾರಾದರೂ ಅದನ್ನು ಮತ್ತೆ ಮುದ್ರಿಸಬಹುದು, ಒಡೆಯ ಒಲ್ಲೆನೆನ್ನುವಂತಿಲ್ಲ. 1977ರ ಕೊನೆಯವರೆಗೆ ಆ 2 ಸೆಂಟ್ 2 ಸೆಂಟಾಗಿಯೇ ಇತ್ತು! 2006ರಿಂದ 2022ರವರೆಗೆ 9.1 ಸೆಂಟ್, 2023ರಲ್ಲಿ 12 ಸೆಂಟ್. ಹಾಡುವವರು ತಮ್ಮ ರೀತಿಗೆ ಹೊಂದಿಸಿಕೊಳ್ಳಬಹುದು. ಮೂಲ ಮಟ್ಟನ್ನು ಕೆಡಿಸಬಾರದು.

ಹಳೆಯ ದರದಲ್ಲಿ ಹತ್ತು ಲಕ್ಷ ಪ್ರತಿ ಮಾರಿದರೆ 20,000 ಡಾಲರ್. ವಾಡಿಕೆಯಂತೆ ಅರ್ಧ ಪ್ರಕಾಶಕರಿಗೆ. ಉಳಿದರ್ಧದಲ್ಲಿ ಮಟ್ಟಿನವರಿಗೆ 5,000, ಮಾತಿನವರಿಗೆ 5,000. ಈ ಲೆಕ್ಕದಲ್ಲಿ ಒಬ್ಬರು ಇಲ್ಲವೇ ಇಲ್ಲ, ನೋಡಿದಿರಾ? ಮೊದಲು ಹಾಡಿದವರು. 1964ರ ಆರಂಭದಲ್ಲಿ ಡಿಯಾನ್ ವಾರ್ವಿಕರ "ಎನಿಒನ್ ಹೂ ಹ್ಯಾಡ್ ಎ ಹಾರ್ಟ್" ಅಮೆರಿಕದಲ್ಲಿ ಏರುತ್ತಿದ್ದಾಗಲೇ ಸಿಲ್ಲಾ ಬ್ಲ್ಯಾಕ್ ಎಂಬ ಲಿವರ್‌ಪೂಲಿನ ಹುಡುಗಿ ಅದನ್ನು ಹಾಡಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆದರು. ಬ್ಯಾಕರಾಕ್, ಡೇವಿಡ್ಡರಿಗೆ ಅಲ್ಲಿಂದಲೂ ಹಣ ಬಂತು. ವಾರ್ವಿಕರಿಗೆ ಆ ಮಾರಾಟದಿಂದ ಬಿಡಿಕಾಸೂ ಇಲ್ಲ. ಬ್ರಿಟಿಷ್ ಪೇಟೆಯೂ ಹೋಯಿತು. ಆಕೆ ತನ್ನ ಹಾಡಿಕೆಯನ್ನೇ ನಕಲು ಮಾಡಿದ್ದಾಳೆಂದು ಅವರು ವರ್ಷಗಟ್ಟಲೆ ನೊಂದು ಹೇಳುತ್ತಿದ್ದರು. ಕಾನೂನಿನ ಪ್ರಕಾರ ಇದು ಕಳವಲ್ಲ. ಆದರೆ ನಮ್ಮ ಹಿರಿಯರ ಬಾಯಲ್ಲಿ ಬಂದ ಮಾತಿನಲ್ಲಿ ಏನೂ ಹುರುಳಿಲ್ಲವೆನ್ನಲು ನನಗೆ ನಾಲಿಗೆ ಏಳುವುದಿಲ್ಲ. ನಕಲು ಮಾಡಿದರೆ ಮೊದಲ ಗಾಯಕಿಗೆ ನಷ್ಟ. ಬೇರೆ ಬಗೆಯಲ್ಲಿ ಹಾಡಿದರೆ ಆಕೆಯದು ಆಕೆಗೇ ಉಳಿಯುತ್ತದೆ. ಗರ್ಜಿಸುವ ಹುಡುಗರಿಂದ ವಾರ್ವಿಕರಿಗೆ ತೊಂದರೆಯಾಗಲಿಲ್ಲವೆಂಬುದು ಇಲ್ಲಿಯ ವಿಚಿತ್ರ. ಬ್ಯಾಕರಾಕರೂ ಎಲ್ಲ ಮರುಹಾಡಿಕೆಗೆ ಮುನಿದವರಲ್ಲ: "ಐ ಸೇ ಎ ಲಿಟಲ್ ಪ್ರೇಯರ್" ಹಾಡನ್ನು ತಾವೇ ನಿಂತು ಮಾಡಿಸಿದ್ದಕ್ಕಿಂತ 1968ರಲ್ಲಿ ಅರೀತಾ ಫ್ರ್ಯಾಂಕ್ಲಿನ್ ಹಾಡಿದ್ದೇ ಮೇಲೆಂದು ಒಪ್ಪಿಕೊಂಡಿದ್ದರು.

ನಮ್ಮ ದೇಶದಲ್ಲೂ ಇಂಥ ನಿಯಮವಿದೆ. ಕ್ಯಾಸೆಟ್ಟುಗಳ ಕಾಲದಲ್ಲಿ ಹಳೆಯ ಹಾಡುಗಳನ್ನು ಬೇರೆಯವರಿಂದ ಹಾಡಿಸಿ ಅಗ್ಗಕ್ಕೆ ಮಾರುತ್ತಿದ್ದುದು ಹಲವರಿಗೆ ನೆನಪಿರಬಹುದು. ಆಗ ಎರಡು ವರ್ಷ ಕಾದರೆ ಸಾಕಿತ್ತು. 2012ರ ತಿದ್ದುಪಡಿಯಿಂದ ಅದು ಐದು ವರ್ಷವಾಯಿತು. ಮುಂಗಡ ತಿಳಿಸಬೇಕು, ವರ್ಷಕ್ಕೆ ಕಡಿಮೆಯೆಂದರೆ 50,000 ಪ್ರತಿಗಳ ಗೌರವಧನ ಕಟ್ಟಬೇಕು, ಇದು ಮರುಹಾಡಿಕೆಯೆಂದು ಹೊದಿಕೆಯ ಮೇಲೆ ಬರೆಯಬೇಕು.

ನಮ್ಮ ಕನ್ನಡದ ರೂಢಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ದಾಸರ ಪದ ಉಳಿಯಿತು, ಅವರು ಹಾಡಿದ ಧಾಟಿ ಬಹುಮಟ್ಟಿಗೆ ಹೋಯಿತು. ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ ಹಾಡುತ್ತಾರೆ, ಯಾರೂ ತಕರಾರು ಮಾಡುವುದಿಲ್ಲ. ಕಂಪನಿ ನಾಟಕದವರು ಇದಕ್ಕೆ ತಿರುವುಮುರುವು: ಮರಾಠಿ ನಾಟಕದ ಮಟ್ಟು ತಂದು ಕನ್ನಡ ಮಾತು ಕೂಡಿಸಿದರು, ಇಂಥ ಹಾಡಿನ ಮಟ್ಟೆಂದು ಪುಸ್ತಕದಲ್ಲಿ ಅಚ್ಚುಹಾಕಿಸಿದರು. ಮಾತು, ಮಟ್ಟು ಎರಡನ್ನೂ ಇಟ್ಟುಕೊಂಡು ಉಡುಪು ಮಾತ್ರ ಬದಲಿಸುವುದು ಈ ರಾಕ್ ಹುಡುಗರ ರೀತಿ. ಶರೀಫರ ಪದಗಳನ್ನು ಸಿ. ಅಶ್ವಥರು ತಮ್ಮ ಕಂಠದಿಂದ ಮನೆಮನೆಗೆ ಮುಟ್ಟಿಸಿದರು. 1990ರ "ಸಂತ ಶಿಶುನಾಳ ಶರೀಫ" ಚಿತ್ರಕ್ಕೂ ಸಂಗೀತ ಅವರದೇ. 2008ರಲ್ಲಿ ರಘು ದೀಕ್ಷಿತರು ಶರೀಫರ ಪದವನ್ನು ಗಿಟಾರು ಮೇಳದೊಡನೆ ಹಾಡಿ ರೆಕಾರ್ಡು ತಂದರು. ನಮ್ಮ ಹುಡುಗರು ಇದನ್ನು ಕೇಳಿಯೇ ಅರ್ಜಿ ಬರೆದಿರಬೇಕು.

ಸಮಿತಿಯ ತಿಳಿವಳಿಕೆಗಾಗಿ ಎರಡು ಸಂಗತಿ. ಶರೀಫರು 1889ರಲ್ಲಿ ತೀರಿಕೊಂಡವರು. ಅವರ ಮಾತಿಗೆ ಈಗ ಯಾರ ಹಕ್ಕೂ ಇಲ್ಲ. ಆದರೆ ಅಶ್ವಥರು 2009ರಲ್ಲಿ ತೀರಿಕೊಂಡರು. ಮಟ್ಟು ಹಾಕಿದವರ ಹಕ್ಕು ಅವರ ನಂತರ 60 ವರ್ಷ ಇರುತ್ತದಾದ್ದರಿಂದ ಅವರು ಹೊಸದಾಗಿ ಹಾಕಿದ ಮಟ್ಟುಗಳಿಗೆ ಹಕ್ಕು 2069ರ ಕೊನೆಯವರೆಗೆ ಉಂಟು. ಹಾಗೆಂದು ಹಾಡಬಾರದೆಂದಲ್ಲ. ಹವ್ಯಾಸಿ ಸಂಘದವರು ಟಿಕೇಟು ಇಲ್ಲದೆ, ಹಣ ಪಡೆಯದೆ ಸಭಿಕರೆದುರು ಹಾಡಿದರೆ ಹಕ್ಕಿನ ಉಲ್ಲಂಘನೆಯಾಗದೆಂದು ನಮ್ಮ ಕೃತಿಸ್ವಾಮ್ಯ ಶಾಸನದ 52ನೆಯ ಕಲಮಿನಲ್ಲೇ ಇದೆ. ನಮ್ಮ ವಾರ್ಷಿಕೋತ್ಸವಕ್ಕೆ ಎಂದೂ ಟಿಕೇಟು ಇಟ್ಟದ್ದಿಲ್ಲ. ಕರಪತ್ರದಲ್ಲಿ ಮಾತು ಯಾರದು, ಮಟ್ಟು ಯಾರದು ಎಂದು ಹೆಸರು ಹಾಕುವುದನ್ನು ಮಾತ್ರ ಮರೆಯಕೂಡದು. ಕಾಗುಣಿತ ನಾನು ನೋಡಿಕೊಳ್ಳುತ್ತೇನೆ.

ಬರುವ ಭಾನುವಾರ ಸಂಜೆ 5 ಗಂಟೆಗೆ, ಪತ್ರಿಕೆ ಓದುವವರೆಲ್ಲ ಎದ್ದ ಮೇಲೆ, ವಾಚನಾಲಯದಲ್ಲಿ ನಾಲ್ಕು ಹಾಡುಗಳನ್ನು ಕೇಳಿಸಲಾಗುವುದು. ಮೊದಲು ಡಸ್ಟಿ ಸ್ಪ್ರಿಂಗ್‌ಫೀಲ್ಡ್, ಆಮೇಲೆ ವೈಟ್ ಸ್ಟ್ರೈಪ್ಸ್, ಮೊದಲು ಬಿ. ಜೆ. ಥಾಮಸ್, ಆಮೇಲೆ ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್. ಹಿರಿಯರು ಬರಲು ಒಪ್ಪಿದ್ದಾರೆ. ಮೊಬೈಲನ್ನು ಪೆಟ್ಟಿಗೆಗೆ ಜೋಡಿಸುವ ತಂತಿಯನ್ನು ಯುವಕ ತರುತ್ತಾನೆ. ಚಹಾದ ವ್ಯವಸ್ಥೆ ಇದೆ.